ಅರ್ಧ ಬೆರಳು ಹೆಚ್ಚು

ಟೈಲರಜ್ಜಿಯ ಮಗ ಲಿಫ್ಟ್ ಮೆಕ್ಯಾನಿಕ್. ಹದಿನಾಲ್ಕು ವರ್ಷ ಎತ್ತರೆತ್ತರದ ಕಟ್ಟಡಗಳಲ್ಲಿ ಹತ್ತಿ ಇಳಿದವನು ಈಗ ಮೂರು ತಿಂಗಳಿಂದ ಮನೆ ಮುಂದಿನ ಮೂರು ಮೆಟ್ಟಿಲನ್ನೂ ಇಳಿದಿರಲಿಲ್ಲ.

ಆದದ್ದಿಷ್ಟು. ಒಂದು ಆಫೀಸು ಕಟ್ಟಡದಲ್ಲಿ ಜೊತೆಗಾರ ಲಿಫ್ಟಿನ ನೆತ್ತಿಯ ಮೇಲೆ ನಿಂತು ಎಣ್ಣೆ ಹಾಕುತ್ತಿದ್ದ, ಇವನು ಮೇಲಿನ ಮೋಟಾರು ಕೋಣೆಯಲ್ಲಿದ್ದ. ನಿಂತಿದ್ದ ಲಿಫ್ಟು ಇದ್ದಕ್ಕಿದ್ದಂತೆ ಎರಡಡಿ ಮೇಲಕ್ಕೆ ಜಿಗಿಯಿತು. ಜೊತೆಗಾರನ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ವಿಚಾರಣೆ ನಡೆಸಿದವರು ಸ್ವಿಚ್ಚು ಹಳೆಯದಾಗಿತ್ತು, ಇವನದೇನೂ ತಪ್ಪಿಲ್ಲ ಎಂದು ಬರೆದುಕೊಟ್ಟರು. ಇವನು ಆ ಕಾಗದವನ್ನು ಓದಿ, ಮಡಿಚಿ, ಬೀರುವಿನಲ್ಲಿಟ್ಟ. "ಸ್ವಿಚ್ಚು ಹಾಕಿದ್ದು ನನ್ನ ಕೈ ತಾನೆ?" ಎಂದ. ಆಮೇಲೆ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ.

ಅವನ ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ಹೊರಟರೆ ಮೂರಕ್ಕೆ ಬರುವಳು, ಕೈತುಂಬ ಬ್ಲೀಚಿನ ವಾಸನೆ ಹೊತ್ತು. ಮಗಳು ಡಿಪ್ಲೊಮಾ ಎರಡನೇ ವರ್ಷ. ಅಪ್ಪನಿಗಿಂತ ಎರಡಂಗುಲ ಎತ್ತರ ಬೆಳೆದಿದ್ದರೂ ಮನೆಯಲ್ಲಿ ಇನ್ನೂ ಪುಟ್ಟಿಯೇ. ಅಜ್ಜಿ ಮುಂದಿನ ಕೋಣೆಯ ಕಿಟಕಿ ಪಕ್ಕ ಮಷಿನ್ ಇಟ್ಟುಕೊಂಡು ಬೀದಿಯವರ ಶರ್ಟು, ಪರದೆ, ಸ್ಕೂಲ್ ಯೂನಿಫಾರಂ ಹೊಲಿಯುವಳು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜೇ ಅವರ ಊಟದ ಮೇಜು. ತಟ್ಟೆಯಲ್ಲಿ ನೂಲಿನ ತುಂಡು ಸಿಕ್ಕರೆ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಪಕ್ಕಕ್ಕಿಟ್ಟು ತುತ್ತು ಮುಂದುವರಿಸುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಪುಟ್ಟಿ ಒಂದು ರಟ್ಟಿನ ಪೆಟ್ಟಿಗೆಯನ್ನೂ ದೊಡ್ಡ ಬಿಳಿ ಫೋಮ್ ಬೋರ್ಡೊಂದನ್ನೂ ಕಂಕುಳಲ್ಲಿ ಅವುಚಿಕೊಂಡು ಬಂದಳು. ಪೆಟ್ಟಿಗೆಯಲ್ಲಿ ಹೆಬ್ಬೆರಳಿನಷ್ಟು ಮೋಟಾರು, ಅದಕ್ಕೊಂದು ಪುಟ್ಟ ಫ್ಯಾನು, ಬ್ಯಾಟರಿ, ಎರಡು ಕೋಲಿನ ರಿಮೋಟು, ರೆಕ್ಕೆಯ ಪಟ್ಟಿಗಳನ್ನು ಮೇಲೆ ಕೆಳಗೆ ಅಲ್ಲಾಡಿಸುವ ಸರ್ವೊ ಎಂಬ ಬೆಂಕಿಪೊಟ್ಟಣದಷ್ಟು ಗಾತ್ರದ ಎರಡು ಯಂತ್ರ. ಕಾಲೇಜಿನ ಕ್ಲಬ್ಬಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದವು.

"ಅಪ್ಪ, ಎದ್ದು ಬಾ. ವಿಮಾನ ಮಾಡೋದಿದೆ."

"ನನಗೆ ಅದೆಲ್ಲ ಬರಲ್ಲ."

"ವೈರು ಬೆಸುಗೆ ಹಾಕೋಕೂ ಬರಲ್ವಾ? ಸರಿ, ನಾನೇ ಹಾಕ್ತೀನಿ. ಮನೆ ಸುಟ್ಟರೆ ಕೂಗ್ತೀನಿ, ಆಗ ಬಾ."

ಅರ್ಧ ಗಂಟೆಯಾದ ಮೇಲೆ ಮಂಚ ಕಿರುಗುಟ್ಟಿತು. ಅವನು ಬಾಗಿಲಲ್ಲಿ ನಿಂತು, "ಅದು ಹಾಗಲ್ಲ. ಇತ್ತ ಕೊಡು," ಎಂದ.

ಕೆಲಸದಿಂದ ಬಂದ ಸೊಸೆ ಮೇಜಿನ ಮೇಲೆ ಹರಡಿದ್ದ ನಕ್ಷೆಯನ್ನು ತಲೆ ವಾಲಿಸಿ ನೋಡಿದಳು. "ಇದೇನೇ, ಬಾಲ ಇಲ್ಲ, ಹೊಟ್ಟೆ ಇಲ್ಲ! ಬಟ್ಟೆ ನೇತುಹಾಕೋ ಹ್ಯಾಂಗರು ಇದ್ದಹಾಗಿದೆ."

"ಬರೀ ರೆಕ್ಕೆ ಅಮ್ಮ. ಅದಕ್ಕೇ ಹಗುರ. ಎಲ್ಲಾ ಸೇರಿ ಇನ್ನೂರು ಗ್ರಾಂ ದಾಟಬಾರದು."

"ಈ ಮನೇಲಿ ಒಂದಾದ್ರೂ ಹಗುರ ಆಗಲಿ ಬಿಡು," ಎಂದು ಸೊಸೆ ಅಡುಗೆಮನೆಗೆ ಹೋದಳು. ಅಂದು ಯಾರೂ ಕೇಳುವ ಮೊದಲೇ ಅವಳು ಎರಡೆರಡು ಮೊಟ್ಟೆ ಒಡೆದು ಹಾಕಿದ್ದನ್ನು ಅಜ್ಜಿ ಗಮನಿಸಿದಳು.

ಆ ವಾರವೆಲ್ಲ ಮೇಜಿನ ಅರ್ಧ ಭಾಗ ವಿಮಾನದ್ದಾಯಿತು. ತೂಕ ಕಳೆಯಲೆಂದು ಅವನು ಬೋರ್ಡಿನ ಒಂದು ಮಗ್ಗುಲಿಗೆ ಒದ್ದೆ ಬಟ್ಟೆ ಒತ್ತಿ, ಮೇಲಿನ ಕಾಗದವನ್ನು ಸಾವಕಾಶವಾಗಿ ಸುಲಿದ. ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿಯೊಂದನ್ನೂ ತೂಗಿ ನೋಡಿದ. ಮೂರು ತಿಂಗಳಲ್ಲಿ ಮೊದಲ ಸಲ ಅವನಿಗೆ ಸ್ನಾನ ಮಾಡು ಎಂದು ಯಾರೂ ಹೇಳಬೇಕಾಗಲಿಲ್ಲ. ಆದರೆ ಕತ್ತರಿಸುವ ಹೊತ್ತು ಬಂದಾಗ ಬ್ಲೇಡು ಗೆರೆ ಬಿಟ್ಟು ಓಡಿ ಫೋಮು ಕಿತ್ತುಬಂತು.

"ತಾ ಇಲ್ಲಿ," ಎಂದಳು ಅಜ್ಜಿ. "ನಲವತ್ತು ವರ್ಷ ಅಂಗಿ ತೋಳು ಕತ್ತರಿಸಿದ್ದೀನಿ. ಎರಡೂ ಒಂದೇ ಥರ ಬರದಿದ್ರೆ ಗಿರಾಕಿಗಳು ನನ್ನ ಮುಖಕ್ಕೇ ಎಸೀತಿದ್ರು."

ಅವನು ಬ್ಲೇಡನ್ನು ಕೊಟ್ಟು, ನಿರಾಳವಾಗಿ ಟೀ ಕುಡಿಯಲು ಹೋದ.

ಮನೆಯಲ್ಲಿ ಯಾರಿಗೂ ತಿಳಿಯದ ಸಂಗತಿಯೊಂದಿತ್ತು. ಎರಡು ವರ್ಷದಿಂದ ಅಜ್ಜಿಯ ನೋಟದ ನಟ್ಟನಡುವೆ ಮಸಿ ಹತ್ತಿದ ಬೆರಳೊತ್ತಿದಂಥ ಒಂದು ಕಲೆ ಕೂತಿತ್ತು. ನೆಟ್ಟಗೆ ನೋಡಿದ್ದು ಕಾಣುತ್ತಿರಲಿಲ್ಲ, ಅದರ ಅಕ್ಕಪಕ್ಕದ್ದು ಕಾಣುತ್ತಿತ್ತು. ಸ್ಕೇಲಿನ ಅಂಚು ನೀರಿನೊಳಗಿಟ್ಟ ಹಾಗೆ ತೊನೆಯುತ್ತಿತ್ತು. ಬಲ್ಬು ಮಂಕಾಗಿದೆಯೆಂದು ಪುಟ್ಟಿಯಿಂದ ಸೂಜಿಗೆ ದಾರ ಪೋಣಿಸಿಕೊಳ್ಳುವಳು. ಗುಂಡಿಗಳನ್ನು ಬೆರಳಿನ ಅಂದಾಜಿನಲ್ಲೇ ಹಚ್ಚುವಳು. ಯಾವುದೋ ಸ್ಕರ್ಟಿನ ಅಂಚು ಸೊಟ್ಟ ಬಂತೆಂದು ವಾಪಸ್ಸು ಬಂದರೆ ಬಟ್ಟೆಯನ್ನು ಬೈಯುವಳು. ಕಣ್ಣು ಹೋಯಿತೆಂದರೆ ಮಷಿನ್ ಹೋಯಿತು, ಮಷಿನ್ ಹೋದರೆ ಈ ಮನೆಯಲ್ಲಿ ತಾನು ಕಿಟಕಿ ಪಕ್ಕ ಕೂತು ತಟ್ಟೆಗೆ ಕಾಯುವ ಮುದುಕಿ. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

ಮೊದಲನೇ ಅರ್ಧವನ್ನು ಕತ್ತರಿಸಿದಳು. ನಕ್ಷೆ ಮಗುಚಿ ಎರಡನೆಯದನ್ನು ಕತ್ತರಿಸುವಾಗ ಅಂಗೈ ಕೆಳಗೆ ಸ್ಕೇಲು ಒಂಚೂರು ಜಾರಿದ್ದು ಅವಳಿಗೆ ಗೊತ್ತಾಯಿತು. ಬ್ಲೇಡು ಆಗಲೇ ಅರ್ಧ ದಾರಿ ಹೋಗಿತ್ತು. ಹೇಳಿದರೆ ಮೊದಲ ಪ್ರಶ್ನೆಯೇ 'ಕಾಣಲಿಲ್ವಾ?' ಎಂದು. ಅವಳು ಬ್ಲೇಡನ್ನು ಕೊನೆತನಕ ಎಳೆದಳು.

"ಆಯ್ತು ನೋಡು."

"ನಿನ್ನ ಕೈಯೇ ಕೈ ಅಮ್ಮ," ಎಂದ ಮಗ. ಎರಡೂ ಅರ್ಧಗಳನ್ನು ಬಿಸಿ ಗೋಂದಿನಿಂದ ಕೂಡಿಸಿ, ಮುಂದಿನ ಅಂಚಿಗೆ ಕೆಂಪು ಟೇಪು ಸುತ್ತಿದ.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟಿ, ರೆಕ್ಕೆಯನ್ನು ತಲೆಯ ಮೇಲೆತ್ತಿ ಹಿಡಿದು, ಮೂರು ಮೆಟ್ಟಿಲು ಇಳಿದ. ಸೊಸೆ ಬಾಗಿಲಲ್ಲಿ ಪಾತ್ರೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ಏನಾದರೂ ಅಂದರೆ ಎಲ್ಲಿ ತಿರುಗಿ ಬರುತ್ತಾನೋ ಎಂದು ತುಟಿ ಕಚ್ಚಿಕೊಂಡಿದ್ದಳು. ಅವನು ಬೀದಿಯ ತಿರುವು ದಾಟಿದ ಮೇಲೆ, "ಅತ್ತೆ, ನೀವೂ ಹೋಗಿ. ಜೊತೇಲಿರಿ," ಎಂದಳು.

ಬಸ್ ಡಿಪೊ ಹಿಂದೆ ಒಂದು ಬಯಲಿತ್ತು. ಅಜ್ಜಿ ಮೋಟುಗೋಡೆಯ ಮೇಲೆ ಕೂತಳು. ಪುಟ್ಟಿ ಓಡಿ ಹೋಗಿ ರೆಕ್ಕೆಯನ್ನು ಮುಂದಕ್ಕೆ ತೂರಿದಳು. ಮೋಟಾರು ಗುಂಯ್ಯೆಂದಿತು. ಎಂಟು ಎಣಿಸುವಷ್ಟರಲ್ಲಿ ಟಪ್ಪೆಂದು ಏನೋ ಬಡಿದು ಶಬ್ದ ನಿಂತಿತು.

"ಬಲಕ್ಕೆ ಮಗುಚಿಕೊಳ್ತು ಅಪ್ಪ! ನೋಡಿದ್ಯಾ ಅಜ್ಜಿ?"

"ನೋಡ್ದೆ ನೋಡ್ದೆ," ಎಂದಳು ಅಜ್ಜಿ, ಆಕಾಶದ ಕಡೆ ಮುಖ ಮಾಡಿ.

ಆ ವಾರ ಅವನು ಸರ್ವೊ ಬಿಚ್ಚಿ ಹಾಕಿದ, ವೈರು ಬದಲಾಯಿಸಿದ, ತೂಕದ ಮಧ್ಯ ಎಲ್ಲಿದೆ ಎಂದು ರೆಕ್ಕೆಯನ್ನು ಎರಡು ತೋರುಬೆರಳ ಮೇಲೆ ನಿಲ್ಲಿಸಿ ನೂರು ಸಲ ನೋಡಿದ. ಎಲ್ಲದರ ಮೇಲೂ ಅನುಮಾನ ಬಂತು, ತಾಯಿಯ ಕತ್ತರಿಕೆಯೊಂದನ್ನು ಬಿಟ್ಟು. ಕೊನೆಗೆ ಎಡ ರೆಕ್ಕೆಯ ತುದಿಗೆ ಎರಡು ನಾಣ್ಯ ಅಂಟಿಸಿ ಮತ್ತೆ ಬಯಲಿಗೊಯ್ದ. ಈ ಸಲ ಅದು ಒಂದು ಸುತ್ತು ಹಾರಿತು. ಪುಟ್ಟಿ ಚಪ್ಪಾಳೆ ತಟ್ಟಿದಳು. ಎರಡನೇ ತಿರುವಿನಲ್ಲಿ ಗಿರಗಿರ ಸುತ್ತಿ ಮೂತಿ ಅಡಿಯಾಗಿ ನೆಲಕ್ಕೆ ಬಿತ್ತು, ನಡು ಸೀಳಿತು.

ಅವನು ಬೈಯಲಿಲ್ಲ. ರಿಮೋಟನ್ನು ಆಫ್ ಮಾಡಿದ. "ನನ್ನ ಕೈಗೆ ಕೊಟ್ಟದ್ದೆಲ್ಲ ಹೀಗೇ," ಎಂದ. ಮನೆಗೆ ಬಂದವನು ಕೈಕಾಲು ತೊಳೆಯದೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ.

ಬುಧವಾರ ಕಂಪನಿಯ ಸೂಪರ್‌ವೈಸರ್ ಫೋನ್ ಮಾಡಿದ. ಸೋಮವಾರ ಬಂದರೆ ಸರಿ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದ. ಊಟಕ್ಕೆ ಕೂತಾಗ ಸೊಸೆ ಅನ್ನ ಬಡಿಸುತ್ತ ಕೇಳಿದಳು.

"ಹೋಗ್ತೀರೋ ಇಲ್ವೋ?"

"ಇಲ್ಲ."

"ಕಾರಣ?"

"ಒಂದು ಫೋಮ್ ಬೋರ್ಡನ್ನ ನೆಟ್ಟಗೆ ಹಾರಿಸೋಕೆ ಆಗದವನ ಕೈಗೆ ಜನ ಹತ್ತೋ ಲಿಫ್ಟು ಕೊಡಬೇಕಾ?"

"ಆಟದ ಸಾಮಾನಿಗೂ ಹೊಟ್ಟೆಪಾಡಿಗೂ ಏನ್ರೀ ಸಂಬಂಧ?"

"ಇದೆ. ನಿನಗೆ ಗೊತ್ತಾಗಲ್ಲ."

"ಹೌದಪ್ಪ, ನನಗೇನು ಗೊತ್ತಾಗುತ್ತೆ! ರಕ್ತ ಮೆತ್ತಿದ ಹೊದಿಕೆ ಒಗೆಯೋಳು ನಾನು. ಆ ಪುಣ್ಯಾತ್ಮ ಕಾಲು ಕಳ್ಕೊಂಡು ಒಂದೇ ತಿಂಗಳಿಗೆ ಊರುಗೋಲು ಹಿಡಿದು ಓಡಾಡ್ತಿದ್ದಾನೆ. ನೀವು ಎರಡೂ ಕಾಲಿಟ್ಕೊಂಡು ಮಲಗಿದ್ದೀರಿ."

"ಅಮ್ಮ, ಸಾಕು," ಎಂದಳು ಪುಟ್ಟಿ. "ನಾನು ಆ ಪೆಟ್ಟಿಗೆ ತರಲೇಬಾರದಿತ್ತು."

"ಅತ್ತೆ, ನೀವಾದ್ರೂ ಮಾತಾಡಿ. ನಿಮ್ಮ ಮಗ ತಾನೆ?"

ಅಜ್ಜಿ ತಟ್ಟೆಯಲ್ಲಿ ಬೆರಳಾಡಿಸಿದಳು. "ಬೇಳೆಗೆ ಉಪ್ಪು ಸಾಲದು," ಎಂದಳು.

ಸೊಸೆ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದಳು.

ಮರುದಿನ ಹನ್ನೊಂದರ ಹೊತ್ತಿಗೆ ಸೊಸೆ, ಪುಟ್ಟಿ ಇಬ್ಬರೂ ಹೊರಗೆ ಹೋಗಿದ್ದರು. ಒಳಕೋಣೆಯಲ್ಲಿ ಸದ್ದಿರಲಿಲ್ಲ. ಅಜ್ಜಿ ಬೀರುವಿನ ಮೇಲಿಂದ ಮುರಿದ ರೆಕ್ಕೆಯನ್ನು ಇಳಿಸಿದಳು. ನಡುವೆ ಸೀಳಿದ್ದರಿಂದ ಎರಡೂ ಅರ್ಧ ಸುಲಭವಾಗಿ ಬೇರೆಯಾದವು. ಒಂದರ ಮೇಲೊಂದಿಟ್ಟು ಹೆಬ್ಬೆರಳಿನಿಂದ ಅಂಚು ಸವರುತ್ತ ಹೋದಳು. ಮುಂದೆ ಸರಿಯಿತ್ತು. ಹಿಂದೆ, ತುದಿಯ ಹತ್ತಿರ, ಬೆರಳಿಗೆ ಒಂದು ಮೆಟ್ಟಿಲು ಸಿಕ್ಕಿತು. ಎಡದ್ದು ಅರ್ಧ ಬೆರಳು ಹೆಚ್ಚು.

ಹೆಚ್ಚಿನದನ್ನು ಕತ್ತರಿಸಿಬಿಟ್ಟರೆ ಆಯಿತು ಎಂದುಕೊಂಡಳು. ಯಾರಿಗೂ ಗೊತ್ತಾಗುವುದಿಲ್ಲ. ಅಂಟಿಸಿ ಹಾರಿಸಿ ನೋಡು ಮಗನೇ ಅನ್ನಬಹುದು. ಅದು ನೆಟ್ಟಗೆ ಹಾರುತ್ತದೆ. ಅವನು ಸೋಮವಾರ ಎದ್ದು ಹೋಗುತ್ತಾನೆ. ಅವಳು ದೊಡ್ಡ ಕತ್ತರಿ ತಂದು, ಕತ್ತು ಓರೆ ಮಾಡಿ, ಕಣ್ಣಂಚಿನಿಂದ ಗೆರೆ ಹಿಡಿಯಲು ನೋಡಿದಳು.

"ಅಮ್ಮ, ಬೆರಳು!"

ಮಗ ಬಾಗಿಲಲ್ಲಿದ್ದ. ಎರಡೇ ಹೆಜ್ಜೆಗೆ ಬಂದು ಕತ್ತರಿ ಕಿತ್ತುಕೊಂಡ. ಕತ್ತರಿಯ ಬಾಯಿ ಫೋಮಿನ ಮೇಲಲ್ಲ, ಅವಳ ಎಡಗೈ ಹೆಬ್ಬೆರಳ ಮೇಲಿತ್ತು.

"ಏನ್ ಮಾಡ್ತಿದ್ದೀಯ?"

"ಸರಿ ಮಾಡ್ತಿದ್ದೆ."

"ಏನನ್ನ?"

ಅವನೇ ಎರಡೂ ಅರ್ಧಗಳನ್ನು ಜೋಡಿಸಿ ನೋಡಿದ. ಸ್ಕೇಲಿಟ್ಟು ಅಳೆದ. ಮತ್ತೊಮ್ಮೆ ಅಳೆದ. ಆಮೇಲೆ ಮಷಿನ್ ಮೇಲಿದ್ದ ನೂಲಿನ ಉಂಡೆಯೊಂದನ್ನು ತೆಗೆದು ಅವಳ ಮುಖದೆದುರು ಹಿಡಿದ.

"ಇದು ಯಾವ ಬಣ್ಣ?"

"ಸುಮ್ನಿರೋ."

"ಯಾವ ಬಣ್ಣ ಅಮ್ಮ?"

"ನೀಲಿ."

ಅದು ಕಪ್ಪು. ಅವನು ಕುರ್ಚಿಯಲ್ಲಿ ಕುಸಿದು ಕೂತ.

"ಎಷ್ಟು ದಿನದಿಂದ?"

"ಎರಡು ವರ್ಷ ಆಗಿರಬಹುದು. ನಡುವೆ ಮಾತ್ರ. ಸುತ್ತ ಕಾಣುತ್ತೆ."

"ಇದನ್ನ ಕತ್ತರಿಸುವಾಗ ಗೊತ್ತಿತ್ತಾ, ತಪ್ಪಿತು ಅಂತ?"

"ಸ್ಕೇಲು ಜಾರಿದ್ದು ಗೊತ್ತಾಯ್ತು."

"ಗೊತ್ತಿತ್ತು!" ಅವನ ಧ್ವನಿ ಏರಿತು. "ಹದಿನೈದು ದಿನದಿಂದ ನನ್ನ ಕೈಯೇ ದರಿದ್ರ ಅಂತ ಸಾಯ್ತಿದ್ದೀನಿ. ನಿನ್ನೆ ನೀನು ಆ ಮೇಜಿನ ಮುಂದೆ ಕೂತು ಎಲ್ಲಾ ಕೇಳಿಸ್ಕೊಂಡೆ. ಉಪ್ಪು ಸಾಲದು ಅಂದೆ. ನನ್ನಮ್ಮನಾ ನೀನು?"

"ತಪ್ಪಾಯ್ತು ಕಣೋ."

"ತಪ್ಪಾಯ್ತಂತೆ!"

"ನಿನ್ನ ಕೈ ಸರಿಯಿದೆ ಅಂತ ಈಗ ಗೊತ್ತಾಯ್ತಲ್ಲ. ಆವತ್ತಿನದೂ ಹಾಗೇ. ಅದೂ ನಿನ್ನ ಕೈಯಿಂದ ಆದದ್ದಲ್ಲ."

"ಅದು ಬೇರೆ," ಎಂದ ಅವನು. "ಅದರ ಮಾತು ಎತ್ತಬೇಡ. ಅದು ಬೇರೆ." ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮೂರು ಗಂಟೆಗೆ ಬಂದ ಹೆಂಡತಿಗೆ ಅವನೇ ಹೇಳಿದ. ಅವಳು ಮರುದಿನ ರಜೆ ಹಾಕಿ, ಅತ್ತೆಯನ್ನು ತಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆದೊಯ್ದಳು. ಕಣ್ಣಿಗೆ ಹನಿ ಹಾಕಿ, ಗಲ್ಲವನ್ನು ಯಂತ್ರಕ್ಕೆ ಆನಿಸಿ, ಬೆಳಕು ಬಿಟ್ಟು ನೋಡಿದ ಡಾಕ್ಟರು ಪುಟ್ಟಿಗಿಂತ ಸ್ವಲ್ಪ ದೊಡ್ಡ ಹುಡುಗಿ. ಅವಳು ಮೆತ್ತಗೆ ಹೇಳಿದಳು: ನಡುವಿನ ನೋಟ ಹೋಗಿದೆ, ಬರುವುದಿಲ್ಲ. ಸುತ್ತಲಿನದು ಉಳಿಯುತ್ತದೆ, ಓಡಾಡಬಹುದು. ಹೊಲಿಗೆ ಆಗುವುದಿಲ್ಲ. ಶುರುವಿನಲ್ಲೇ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ತಡೆದು ನಿಲ್ಲಿಸಬಹುದಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೊಸೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಎರಡು ಸ್ಟಾಪು ಕಳೆದ ಮೇಲೆ ಅವಳ ಭುಜ ಅಲ್ಲಾಡುತ್ತಿರುವುದು ಅಜ್ಜಿಗೆ ತಾಗಿತು.

"ನಾನು ಅಲ್ಲೇ ಕೆಲಸ ಮಾಡ್ತೀನಿ ಅತ್ತೆ. ನೆಲಮಾಳಿಗೆಯಲ್ಲಿ. ಕಣ್ಣಿನ ವಿಭಾಗ ಎರಡೇ ಮಹಡಿ ಮೇಲೆ. ದಿನಾ ಅವರ ಹೊದಿಕೆ ನಾನೇ ಒಗೀತೀನಿ. ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ನಿನಗೆ ಮೊದಲೇ ಸಾಕುಸಾಕಾಗಿದೆ, ಇನ್ನೊಂದು ಯಾಕೆ ಅಂತ..."

"ನನ್ನ ಮೇಲೆ ಹಾಕಬೇಡಿ. ನೀವು ಹೇಳಲಿಲ್ಲ, ನಿಮ್ಮ ಬಿಂಕಕ್ಕೆ." ಮೂಗೊರೆಸಿಕೊಂಡಳು. ಇಳಿಯುವಾಗ ಮಾತ್ರ ಅತ್ತೆಯ ಮೊಣಕೈ ಹಿಡಿದಳು, ಮನೆ ಬರುವವರೆಗೂ ಬಿಡಲಿಲ್ಲ.

ಸೋಮವಾರ ಅವನು ಕೆಲಸಕ್ಕೆ ಹೋದ. ತಾಯಿಯ ಸಂಪಾದನೆಯೂ ನಿಂತ ಮೇಲೆ ಬೇರೆ ದಾರಿ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ವಾಪಸ್ಸು ಬಂದ. ಲಿಫ್ಟಿನ ನೆತ್ತಿಯ ಮೇಲೆ ಕಾಲಿಡಲು ಹೋದವನು ಹಿಂದೆ ಸರಿದು, ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತಿದ್ದನಂತೆ. ಸೂಪರ್‌ವೈಸರ್ ಒಳ್ಳೆಯವನು, ಬಿಡಿಭಾಗಗಳ ಸ್ಟೋರಿಗೆ ಹಾಕಿದ. ಕಿಟಕಿಯಿಲ್ಲದ ಕೋಣೆ. ಬೋಲ್ಟು ನಟ್ಟು ಎಣಿಸಿ ಕೊಡುವ ಕೆಲಸ, ಸಂಬಳವೂ ಕಮ್ಮಿ.

"ಒಪ್ಕೊಂಡ್ರಾ?" ಎಂದಳು ಹೆಂಡತಿ.

"ಒಪ್ಕೊಂಡೆ."

ಅವಳು ಟೀ ಕಾಯಿಸಿ ತಂದುಕೊಟ್ಟಳು.

ತಾಯಿಯ ಜೊತೆ ಅವನು ಬೇಕಾದಷ್ಟೇ ಮಾತಾಡಿದ. ಊಟ ಆಯ್ತಾ. ಔಷಧಿ ಹಾಕ್ಕೊಂಡ್ಯಾ. ಅಜ್ಜಿ ಹೊಲಿಯದೆ ಉಳಿದ ಬಟ್ಟೆಗಳನ್ನು ಒಂದೊಂದಾಗಿ ವಾಪಸ್ಸು ಕೊಟ್ಟಳು. ಯಾರಾದರೂ ಏಕೆಂದು ಕೇಳಿದರೆ, "ಮಷಿನ್ ಕೆಟ್ಟಿದೆ," ಎನ್ನುವಳು.

ಸೊಸೆ ಒಮ್ಮೆ ಒಳಗಿಂದಲೇ ಅಂದಳು: "ಪಾಪದ ಮಷಿನ್‌ಗೆ ಯಾಕತ್ತೆ ಹೆಸರು ಕೆಡಿಸ್ತೀರಿ?"

ಒಂದು ತಿಂಗಳ ಮೇಲೆ ಪುಟ್ಟಿ ಇನ್ನೊಂದು ಬೋರ್ಡು ತಂದಳು. ಯಾರನ್ನೂ ಕೇಳದೆ ಮೇಜಿನ ಮೇಲೆ ನಕ್ಷೆ ಹರಡಿ, ತಾನೇ ಬ್ಲೇಡು ಹಿಡಿದಳು. ಬ್ಲೇಡಿನ ಸದ್ದು ಕೇಳುತ್ತ ಕಿಟಕಿ ಬಳಿ ಕೂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ.

"ಒಂದೇ ಸಲಕ್ಕೆ ಒತ್ತಬೇಡ. ಮೂರು ಸಲ ಮೆಲ್ಲಗೆ ಎಳಿ."

"ಹ್ಞೂ."

ಕತ್ತರಿಸಿ ಮುಗಿದ ಮೇಲೆ ಪುಟ್ಟಿ ಸ್ಕೇಲಿಟ್ಟು ಅಳೆದಳು, ಬಲಗಡೆ, ಎಡಗಡೆ, ಮತ್ತೆ ಬಲಗಡೆ. ಅಜ್ಜಿ ಕೈ ಚಾಚಿದ್ದಳು. ಪುಟ್ಟಿ ಅದನ್ನು ನೋಡಲಿಲ್ಲ. "ಸರಿ ಬಂದಿದೆ," ಎಂದು ತನಗೆ ತಾನೇ ಹೇಳಿಕೊಂಡು ಎರಡನ್ನೂ ಅಪ್ಪನ ಹತ್ತಿರ ಒಯ್ದಳು. ಅಜ್ಜಿ ಕೈಯನ್ನು ಮಡಿಲಿಗೆ ತೆಗೆದುಕೊಂಡಳು.

ಭಾನುವಾರ ನಾಲ್ವರೂ ಬಯಲಿಗೆ ಹೋದರು. ಡಿಪೊದ ಡ್ರೈವರುಗಳು ನಾಲ್ಕೈದು ಮಂದಿ ಟೀ ಲೋಟ ಹಿಡಿದು ನೋಡಲು ಬಂದು ನಿಂತರು. ಪುಟ್ಟಿ ತೂರಿದಳು. ಮೋಟಾರಿನ ಗುಂಯ್‌ ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ ಹೋಯಿತು. ಯಾರೋ ಒಬ್ಬ ಶಿಳ್ಳೆ ಹೊಡೆದ.

"ನಿನ್ನ ನೆತ್ತಿ ಮೇಲೇ ಇದೆ ಅಜ್ಜಿ!"

"ಸುಳ್ಳು ಹೇಳಬೇಡ, ಸದ್ದು ಎಡಗಡೆ ಬರ್ತಿದೆ."

ಸೊಸೆ ಮುಸಿಮುಸಿ ನಕ್ಕಳು. ಮಗ ನಗಲಿಲ್ಲ. ಅವನು ರಿಮೋಟು ಹಿಡಿದು ಮೋಟುಗೋಡೆಗೆ ಒರಗಿ, ಅಜ್ಜಿಯ ಪಕ್ಕದಲ್ಲೇ ನಿಂತಿದ್ದ. ಅಜ್ಜಿ ಸದ್ದಿನ ಹಿಂದೆಯೇ ಕತ್ತು ತಿರುಗಿಸುತ್ತ ಹೋದಳು. ದೂರ, ಹತ್ತಿರ, ಬೆನ್ನ ಹಿಂದೆ, ಮತ್ತೆ ಎದುರಿಗೆ.

ಆಗ ಸದ್ದು ನಿಂತುಹೋಯಿತು. ಟಪ್ಪೆಂದು ಬೀಳುವ ಸದ್ದಿಗಾಗಿ ಅಜ್ಜಿ ಕಾದಳು, ಅದೂ ಬರಲಿಲ್ಲ. ಡ್ರೈವರುಗಳೂ ಮಾತು ನಿಲ್ಲಿಸಿದ್ದರು. ಎಲ್ಲರಿಗೂ ಏನೋ ಕಾಣುತ್ತಿತ್ತು.

"ಏನಾಯ್ತು? ಬಿತ್ತಾ?" ಎಂದಳು. ಯಾರೂ ಉತ್ತರ ಕೊಡದಿದ್ದಾಗ ಗಟ್ಟಿಯಾಗಿ, ಬಯಲಿಗೆಲ್ಲ ಕೇಳುವಂತೆ ಅಂದಳು: "ನನಗೆ ಕಣ್ಣು ಕಾಣಲ್ಲ. ಎಲ್ಲಿದೆ ಅಂತ ಯಾರಾದ್ರೂ ಹೇಳ್ರೋ!"

ಡ್ರೈವರೊಬ್ಬ ಲೋಟ ಕೆಳಗಿಟ್ಟು ಅವಳ ಕಡೆ ನೋಡಿದ.

"ಬಿದ್ದಿಲ್ಲ," ಎಂದ ಮಗ. ಅವನ ಕಣ್ಣು ಆಕಾಶದಲ್ಲಿತ್ತು, ಹೆಬ್ಬೆರಳು ಕೋಲುಗಳ ಮೇಲಿತ್ತು. "ಬ್ಯಾಟರಿ ಇಳೀತು, ಮೋಟಾರು ಮಾತ್ರ ನಿಂತಿದೆ. ತೇಲ್ತಾ ಇದೆ."

"ಎಲ್ಲಿ?"

"ಡಿಪೊ ಮಾಡಿನ ಮೇಲೆ. ಈಗ ಈ ಕಡೆ ತಿರುಗ್ತು."

"ಎಷ್ಟು ಎತ್ತರ?"

"ಎರಡು ಮಹಡಿ." ಅವನು ಉಸಿರು ಬಿಗಿ ಹಿಡಿದಿದ್ದ. "ಒಂದೂವರೆ. ಇಳೀತಿದೆ ಅಮ್ಮ. ಮಾತಾಡಿಸಬೇಡ ಈಗ."

ಅಜ್ಜಿ ಬಾಯಿ ಮುಚ್ಚಿಕೊಂಡು, ಅವನ ಅಂಗಿಯ ತುದಿ ಹಿಡಿದು ಕಾದಳು.